ಮೊದಲು ಸೀಸ ಕಟ್ಟಿ ಎಸೆಯಿರಿ, ಆಮೇಲೆ ರಾಡ್ ಬಗ್ಗೆ ಹೇಳಿ

ಈಗಷ್ಟೇ ಒಂದು ವಿಡಿಯೋ ನೋಡಿ ಮುಗಿಸಿದೆ. ತಲೆ ಬಿಸಿಯಾಗಿದೆ. ಇದನ್ನು ಬರೆಯದೆ ಮಲಗಿದರೆ ನಿದ್ದೆ ಬರೋದಿಲ್ಲ. ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ದಡದಿಂದ ದೂರಕ್ಕೆ ಗಾಳ ಎಸೆಯೋ ಹೊಸ ಕೋಲು, ಅಂದರೆ ಬೀಚ್ ಕಾಸ್ಟಿಂಗ್ ರಾಡ್‌ನ 'ಟೆಸ್ಟ್' ಅಂತ ಆ ವಿಡಿಯೋದ ಹೆಸರು. ಕಳಿಸಿದವನು ನನ್ನ ಜೊತೆ ಗಾಳ ಹಾಕೋಕೆ ಬರುವ ಹುಡುಗ. "ಅಣ್ಣಾ, ಇದನ್ನೇ ತಗೋತೀನಿ. ಟೆಸ್ಟ್ ಮಾಡಿ ತೋರಿಸಿದ್ದಾರೆ ನೋಡಿ" ಅಂತ ಮೆಸೇಜು. ನೋಡಿದೆ. ಚೀಲದಿಂದ ರಾಡ್ ತೆಗೆದರು. ಮೂರು ತುಂಡು ಜೋಡಿಸಿದರು. ಗಾಳಿಯಲ್ಲಿ ಅಲ್ಲಾಡಿಸಿದರು. ತುದಿಯನ್ನು ಚಾವಣಿಗೆ ಒತ್ತಿ ಬಗ್ಗಿಸಿದರು. ಕೊನೆಗೆ ನೀರು ತುಂಬಿದ ಬಾಟಲಿಯನ್ನು ಎತ್ತಿದರು. ಒಳ್ಳೆ ಪವರ್ ಇದೆ, ತುಂಬಾ ದೂರ ಹೋಗುತ್ತೆ ಅಂತ ತೀರ್ಪು ಕೊಟ್ಟು ಮುಗಿಸಿದರು. ಇಡೀ ವಿಡಿಯೋದಲ್ಲಿ ಕಡಲು ಕಾಣಲೇ ಇಲ್ಲ. ಎಸೆಯೋಕೆ ಲೈನ್ ತುದಿಗೆ ಕಟ್ಟೋ ಭಾರ, ಅಂದರೆ ಸೀಸ, ಕಟ್ಟಲೇ ಇಲ್ಲ.

ದೂರ ಹೋಗುತ್ತೆ ಅಂತ ಎಸೆಯದೆ ಹೇಗೆ ಗೊತ್ತಾಯಿತು?

ನನಗೆ ಸಿಟ್ಟು ಬಂದಿರೋದು ಇದೇ ಒಂದು ವಿಷಯಕ್ಕೆ. ದಡದಿಂದ ಗಾಳ ಹಾಕೋದು ನನಗೆ ಎಷ್ಟು ಪ್ರೀತಿಯ ಕೆಲಸ ಅಂತ ನಿಮಗೆಲ್ಲ ಗೊತ್ತು. ಆ ರಾಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ತುಂಬಾ ಒಳ್ಳೆಯ ರಾಡ್ ಆಗಿರಬಹುದು. ಆದರೆ ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಆ ವಿಡಿಯೋದಿಂದ ಯಾರಿಗೂ ಗೊತ್ತಾಗೋದಿಲ್ಲ. ಗೊತ್ತಾಯಿತು ಅಂತ ಅನ್ನಿಸುತ್ತೆ, ಅಷ್ಟೆ. ಆ ಹುಡುಗನಿಗೆ ಅನ್ನಿಸಿದ್ದೂ ಹಾಗೇ.

ಮೊದಲು ಈ ಅಲ್ಲಾಡಿಸೋ ವಿಷಯ. ದಡದ ರಾಡ್ ಸಾಮಾನ್ಯವಾಗಿ 12ರಿಂದ 15 ಅಡಿ ಉದ್ದ ಇರುತ್ತದೆ. 4ರಿಂದ 6 ಔನ್ಸ್, ಅಂದರೆ ಸುಮಾರು 110ರಿಂದ 170 ಗ್ರಾಂ ಸೀಸವನ್ನು ಬೀಸಿ ಎಸೆಯೋಕೆ ಅದನ್ನು ಮಾಡಿರುತ್ತಾರೆ. ಖಾಲಿ ರಾಡ್ ಅಲ್ಲಾಡಿಸಿದಾಗ ಬಗ್ಗೋದು ಬರೀ ತುದಿ. ತುದಿ ಹಗುರವೋ ಭಾರವೋ, ನಡುಕ ಎಷ್ಟು ಬೇಗ ನಿಲ್ಲುತ್ತೆ, ಇಷ್ಟು ಗೊತ್ತಾಗಬಹುದು. ನಡುಭಾಗ, ಬುಡ ಏನು ಮಾಡುತ್ತವೆ ಅನ್ನೋದು ಸ್ವಲ್ಪವೂ ಗೊತ್ತಾಗೋದಿಲ್ಲ. ಖಾಲಿ ಲಾರಿಯನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿ, ಇದು ಲೋಡ್ ಹೊತ್ತು ಘಾಟಿ ಹತ್ತುತ್ತೆ ಅಂತ ಹೇಳಿದ ಹಾಗೆ ಇದು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಗಾಳಿಯ ತಡೆಯೇ ಇಲ್ಲ ಅಂದುಕೊಂಡರೂ, ಸೀಸ 100 ಮೀಟರ್ ಹೋಗಬೇಕಾದರೆ ಅದು ರಾಡ್ ಬಿಟ್ಟು ಹೊರಡುವಾಗ ಸೆಕೆಂಡಿಗೆ 31 ಮೀಟರ್ ವೇಗ ಇರಬೇಕು. ಅಂದರೆ ಗಂಟೆಗೆ 110 ಕಿಲೋಮೀಟರ್‌ಗಿಂತ ಜಾಸ್ತಿ. ಗಾಳಿಯ ತಡೆ ಸೇರಿಸಿದರೆ ಇನ್ನೂ ಬೇಕು. ನಿಂತಲ್ಲಿ ನಿಂತ 150 ಗ್ರಾಂ ಸೀಸವನ್ನು ಕಣ್ಣು ಮುಚ್ಚಿ ತೆಗೆಯೋದರೊಳಗೆ ಅಷ್ಟು ವೇಗಕ್ಕೆ ತರೋದು ಈ ಕೋಲು. ಆ ಹೊತ್ತಲ್ಲಿ ಅದರ ಮೇಲೆ ಬೀಳೋ ಎಳೆತ ಸೀಸದ ತೂಕದ ಹಲವು ಪಟ್ಟು. ಬುಡದವರೆಗೆ ರಾಡ್ ಬಗ್ಗೋದು ಆಗ ಮಾತ್ರ. ಬಗ್ಗಿದ್ದು ಎಷ್ಟು ಬೇಗ ನೆಟ್ಟಗಾಗುತ್ತೆ, ನೆಟ್ಟಗಾದ ಮೇಲೆ ತುದಿ ಎಷ್ಟು ಹೊತ್ತು ಅದುರುತ್ತೆ, ಇದರಲ್ಲೇ ರಾಡ್‌ನ ಗುಣ ಇರೋದು. ತುದಿ ಅದುರುತ್ತಾ ಇದ್ದರೆ ಲೈನ್ ತಾನು ಹಾದುಹೋಗೋ ಉಂಗುರಗಳಿಗೆ, ಅಂದರೆ ಗೈಡ್‌ಗಳಿಗೆ ಬಡಿಯುತ್ತೆ, ದೂರ ಕಮ್ಮಿಯಾಗುತ್ತೆ. ಮನೆಯೊಳಗೆ ಇದು ಯಾವುದೂ ಕಾಣೋದಿಲ್ಲ.

ಚಾವಣಿಗೆ ಒತ್ತೋದನ್ನು ನೋಡಿದಾಗಂತೂ ಹೊಟ್ಟೆ ಉರಿಯಿತು. ರಾಡ್ ಮೇಲೆ ಭಾರ ಬರಬೇಕಾದ್ದು ಲೈನ್ ಮೂಲಕ, ಒಂದೊಂದು ಗೈಡ್‌ಗೂ ಹಂಚಿಕೊಂಡು. ತುದಿಯನ್ನು ಗಟ್ಟಿ ಜಾಗಕ್ಕೆ ಒತ್ತಿದರೆ ಎಲ್ಲ ಭಾರ ಅತಿ ತೆಳುವಾದ ಕಡೆಗೆ ಹೋಗುತ್ತೆ. ಕಾರ್ಬನ್ ಬಿಗಿಯಾದಷ್ಟೂ ಇಂಥ ಪೆಟ್ಟನ್ನು ಸಹಿಸೋದು ಕಷ್ಟ. ಗ್ಲಾಸ್ ಫೈಬರ್ ಆದರೆ ಭಾರ ಜಾಸ್ತಿ ಇದ್ದರೂ ಇಂಥದ್ದನ್ನು ತಡೆದುಕೊಳ್ಳುತ್ತೆ. ಅಂಗಡಿಯಲ್ಲಿ ಹೀಗೆ ಹತ್ತು ಜನ ಬಗ್ಗಿಸಿ ಇಟ್ಟ ರಾಡನ್ನು ಹನ್ನೊಂದನೆಯವನು ಕೊಂಡುಹೋಗುತ್ತಾನೆ. ಮೊದಲ ಜೋರು ಎಸೆತಕ್ಕೆ ಅದು ಮುರಿದರೆ ಅವನದೇ ತಪ್ಪು ಅಂತಾರೆ. ಇದು ಅನ್ಯಾಯ ಅಲ್ವಾ?

ಮನೆಯಲ್ಲೇ ಅಳೆಯಬೇಕು ಅಂತಿದ್ದರೆ ಅದಕ್ಕೂ ಸರಿಯಾದ ದಾರಿ ಇದೆ. ಡಾ. ವಿಲಿಯಂ ಹ್ಯಾನೆಮನ್ ಅನ್ನೋರು ಹಗುರ ಕೃತಕ ನೊಣದ ಗಾಳ ಎಸೆಯೋ ಫ್ಲೈ ರಾಡ್‌ಗಳಿಗೆ 'ಕಾಮನ್ ಸೆಂಟ್ಸ್' ಅನ್ನೋ ಪದ್ಧತಿ ಮಾಡಿಕೊಟ್ಟರು. ರಾಡ್‌ನ ಬುಡವನ್ನು ಅಡ್ಡಕ್ಕೆ ಭದ್ರವಾಗಿ ಕಟ್ಟಬೇಕು. ತುದಿಗೆ ಒಂದು ಚಿಕ್ಕ ಚೀಲ ತೂಗುಹಾಕಿ, ರಾಡ್ ಉದ್ದದ ಮೂರನೇ ಒಂದು ಭಾಗದಷ್ಟು ತುದಿ ಕೆಳಗೆ ಬರೋವರೆಗೆ ಅದಕ್ಕೆ 2.5 ಗ್ರಾಂ ತೂಕದ ಅಮೆರಿಕದ ಸೆಂಟ್ ನಾಣ್ಯಗಳನ್ನು ಹಾಕುತ್ತಾ ಹೋಗಬೇಕು. ಎಷ್ಟು ತೂಕ ಬೇಕಾಯಿತೋ ಅದು ರಾಡ್‌ನ ಶಕ್ತಿ. ತುದಿ ಯಾವ ಕೋನದಲ್ಲಿ ಬಾಗಿ ನಿಂತಿದೆಯೋ ಅದು ಅದರ ಆಕ್ಷನ್, ಅಂದರೆ ಬಾಗೋ ರೀತಿ. ದಡದ ರಾಡ್‌ಗೆ ನಾಣ್ಯ ಸಾಲದು, ಮರಳಿನ ಚೀಲ ಸಾಕು. 4.2 ಮೀಟರ್ ರಾಡ್ ಆದರೆ ತುದಿ 1.4 ಮೀಟರ್ ಇಳಿಯಬೇಕು. ಮರಳನ್ನು ತಕ್ಕಡಿಗೆ ಹಾಕಿ ತೂಕ ಬರೆದುಕೊಳ್ಳಿ. ಇನ್ನೊಂದು ರಾಡ್‌ಗೂ ಇದನ್ನೇ ಮಾಡಿ. ಈಗ ಎರಡನ್ನೂ ಹೋಲಿಸೋಕೆ ನಿಮ್ಮ ಹತ್ತಿರ ಒಂದು ಅಂಕಿ ಇದೆ. ಬಾಟಲಿ ಎತ್ತಿ ತೋರಿಸಿದರೆ ಏನಿದೆ? ಅದನ್ನು ಎತ್ತದ ರಾಡ್ ಯಾವುದು?

ಆದರೂ ಇದು ಅರ್ಧ ಕೆಲಸ ಮಾತ್ರ. ಇದು ನಿಂತ ಭಾರ. ಎಸೆತದ ಭಾರವೇ ಬೇರೆ.

ಈಗ ರಾಡ್ ಮೇಲಿನ ಬರಹಕ್ಕೆ ಬನ್ನಿ. ಆ ರಾಡ್ ಮೇಲೆ '100–250 ಗ್ರಾಂ' ಅಂತ ಇತ್ತು. ವಿಡಿಯೋದವರು ಅದನ್ನು ಓದಿ ಹೇಳಿ ಮುಂದೆ ಹೋದರು. ಅಲ್ಲೇ ನಿಲ್ಲಬೇಕಿತ್ತು! ಈ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಒಬ್ಬರ 200 ಗ್ರಾಂ ಇನ್ನೊಬ್ಬರ 150 ಗ್ರಾಂ ಆಗಿರಬಹುದು. 100 ಗ್ರಾಂನಲ್ಲೂ 250 ಗ್ರಾಂನಲ್ಲೂ ಒಂದೇ ಸಮ ಚೆನ್ನಾಗಿ ಎಸೆಯೋ ರಾಡ್ ಇರೋಕೆ ಸಾಧ್ಯವೇ ಇಲ್ಲ. ಪ್ರತಿಯೊಂದಕ್ಕೂ ತನ್ನದೇ ಒಂದು ತೂಕ ಇರುತ್ತೆ. ಅದಕ್ಕಿಂತ ಹಗುರ ಕಟ್ಟಿದರೆ ರಾಡ್ ಎಚ್ಚರವೇ ಆಗೋದಿಲ್ಲ. ಭಾರ ಕಟ್ಟಿದರೆ ಸುಸ್ತಾಗಿ ಬಾಗಿಕೊಂಡೇ ಇರುತ್ತೆ. ಆ ತೂಕ ಯಾವುದು ಅಂತ ಹುಡುಕಿ ಹೇಳೋದೇ ಟೆಸ್ಟ್ ಮಾಡುವವರ ಕೆಲಸ. ಎಸೆತದ ಸ್ಪರ್ಧೆಗಳಲ್ಲಿ 100, 125, 150, 175 ಗ್ರಾಂ ಅಂತ ನಾಲ್ಕು ಸೀಸ ಬಳಸುತ್ತಾರೆ. ಅದೇ ನಾಲ್ಕನ್ನು ತಗೊಂಡು ದಡಕ್ಕೆ ಹೋಗಿ. ಒಂದೊಂದನ್ನೂ ಕೆಲವು ಸಲ ಎಸೆಯಿರಿ. ಯಾವುದರಲ್ಲಿ ಕಷ್ಟಪಡದೆ ದೂರ ಹೋಯಿತು ಅಂತ ನಿಮ್ಮ ತೋಳೇ ಹೇಳುತ್ತೆ.

ಎಸೆಯುವಾಗ ಬದಲಾಗಬೇಕಾದ್ದು ರಾಡ್ ಮಾತ್ರ. ರೀಲ್ ಅದೇ, ಲೈನ್ ಅದೇ, ಸೀಸ ಅದೇ ಇರಬೇಕು. ನಿಮಗೆ ಚೆನ್ನಾಗಿ ಗೊತ್ತಿರೋ ಹಳೇ ರಾಡ್ ಒಂದು ಪಕ್ಕದಲ್ಲಿರಲಿ. ಹೊಸದರಲ್ಲಿ ಒಂದು, ಹಳೇದರಲ್ಲಿ ಒಂದು, ಹೀಗೆ ಬದಲಿಸಿ ಬದಲಿಸಿ ಎಸೆಯಿರಿ. ಇಲ್ಲದಿದ್ದರೆ ಮಧ್ಯದಲ್ಲಿ ಗಾಳಿ ತಿರುಗಿ, ರಾಡ್‌ಗೆ ಸಿಗಬಾರದ ಹೆಸರು ಸಿಗುತ್ತೆ. ಅತಿ ದೂರ ಹೋದ ಒಂದು ಎಸೆತ ಹಿಡಿದುಕೊಂಡು ಕುಣಿಯಬೇಡಿ, ಸರಾಸರಿ ಹೇಳಿ. ಅಳೆಯೋಕೆ ಬಯಲಾದರೆ ಟೇಪ್ ಸಾಕು. ಕಡಲಿನಲ್ಲಾದರೆ 10 ಮೀಟರ್‌ಗೊಮ್ಮೆ ಬಣ್ಣ ಬದಲಾಗೋ ಬ್ರೇಡ್ (ಹೆಣೆದ) ಲೈನ್ ಸಿಗುತ್ತೆ. ರೀಲ್‌ನ ಹಿಡಿಕೆ ಎಷ್ಟು ಸುತ್ತು ತಿರುಗಿಸಿದೆ ಅಂತ ಎಣಿಸಿ ಗುಣಿಸುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಒಂದು ಸುತ್ತಿಗೆ ಇಷ್ಟು ಸೆಂಟಿಮೀಟರ್ ಅಂತ ಬರೆದಿರೋದು ಲೈನ್ ಸುತ್ತೋ ಸ್ಪೂಲ್ ತುಂಬಿದ್ದಾಗಿನ ಲೆಕ್ಕ. ಲೈನ್ ಹೊರಗೆ ಹೋದಷ್ಟೂ ಸ್ಪೂಲ್ ಸಣ್ಣದಾಗುತ್ತೆ, ಒಂದು ಸುತ್ತಿಗೆ ಬರೋ ಲೈನ್ ಕಮ್ಮಿಯಾಗುತ್ತೆ. ಅದರ ಮೇಲೆ ಪಕ್ಕದ ಗಾಳಿಗೆ ಲೈನ್ ಬಿಲ್ಲಿನ ಹಾಗೆ ಬಾಗಿರುತ್ತೆ. ಹೀಗಾಗಿ ಹೇಳೋ ದೂರ ನಿಜವಾದ ದೂರಕ್ಕಿಂತ ಯಾವಾಗಲೂ ಜಾಸ್ತಿ.

ಇನ್ನು '200 ಮೀಟರ್ ಹೋಗುತ್ತೆ' ಅನ್ನೋ ಮಾತು. ದೊಡ್ಡ ಸ್ಪರ್ಧೆಗಳಲ್ಲಿ 250 ಮೀಟರ್ ದಾಟಿಸುವವರು ಇದ್ದಾರೆ, ನಿಜ. ಅವರು ಎಸೆಯೋದು ಬಯಲಲ್ಲಿ, ಬರೀ ಸೀಸ, ಎರೆ ಇಲ್ಲ. ಅದರ ಹಿಂದೆ ಅಭ್ಯಾಸ ಮಾಡಿ ಕಲಿತ, ಸೀಸವನ್ನು ಲೋಲಕದ ಹಾಗೆ ತೂಗಿ ಬೀಸೋ ಪೆಂಡುಲಂ ಎಸೆತ ಇದೆ. ದಡದಲ್ಲಿ ನಿಂತು ಎರೆ ಚುಚ್ಚಿದ ಕೊಕ್ಕೆ ಕಟ್ಟಿದ ತಕ್ಷಣ ದೂರ ಇಳಿಯುತ್ತೆ. ಎರೆ ಗಾಳಿಯಲ್ಲಿ ತೂರಾಡಿ ಸೀಸವನ್ನು ಹಿಂದಕ್ಕೆ ಹಿಡಿಯುತ್ತೆ. ಅದಕ್ಕೇ ಕೊಕ್ಕೆಯನ್ನು ಸೀಸದ ಹಿಂದೆ ಬಿಗಿಯಾಗಿ ಕ್ಲಿಪ್ ಹಾಕಿ ಎಸೆಯೋದು. ನೀರಿಗೆ ಬಿದ್ದ ಹೊಡೆತಕ್ಕೆ ಕ್ಲಿಪ್ ಬಿಡುತ್ತೆ. ಹಾಗಾಗಿ ಎರೆ ಇಲ್ಲದೆ ಎಷ್ಟು, ಎರೆ ಇಟ್ಟು ಎಷ್ಟು, ಎರಡನ್ನೂ ಹೇಳದ ಟೆಸ್ಟ್ ನನ್ನ ಮಟ್ಟಿಗೆ ಟೆಸ್ಟೇ ಅಲ್ಲ. ನಾವು ಕಡಲಿಗೆ ಹೋಗೋದು ಸೀಸ ಎಸೆದು ಬರೋಕಲ್ಲ.

ಇಲ್ಲಿ ಒಂದು ವಾದ ಬರುತ್ತೆ, ಪ್ರತಿ ಸಲವೂ ಬರುತ್ತೆ. "ಎಲ್ಲ ಎಸೆಯುವವನ ಕೈಯಲ್ಲಿದೆ ಸಾರ್, ರಾಡ್‌ನಲ್ಲಿ ಏನಿದೆ? ಅಷ್ಟಕ್ಕೂ ಮೀನು ದಡದ ಹತ್ತಿರವೇ ಇರುತ್ತೆ." ಮೀನು ಎಷ್ಟೋ ಸಲ ಮೊದಲ ಅಲೆ ಒಡೆಯೋ ಜಾಗದ ಹಿಂದಿನ ಗುಂಡಿಯಲ್ಲೇ ಮೇಯುತ್ತಿರುತ್ತೆ, ಒಪ್ಪಿದೆ. ಕೈ ಮುಖ್ಯ ಅನ್ನೋದನ್ನೂ ಒಪ್ಪಿದೆ. ಆದರೆ ಕೈ ಮುಖ್ಯ ಅಂತಾದರೆ, ಟೆಸ್ಟ್ ಮಾಡಿದ ಕೈ ಯಾವುದು ಅಂತ ಹೇಳಬೇಕಾದ್ದು ಇನ್ನೂ ಮುಖ್ಯ ಆಯಿತು. ಆರಡಿ ಎತ್ತರದವರ ಎರಡು ಕೈಗಳ ನಡುವಿನ ಅಂತರಕ್ಕೆ ಸರಿಹೋಗುವ ಬುಡ, ಐದಡಿಯವರಿಗೆ ಒಜ್ಜೆ ಆಗುತ್ತೆ. ತಲೆ ಮೇಲಿಂದ ಸರಳವಾಗಿ ಎಸೆಯುವವರಿಗೆ ಸ್ವಲ್ಪ ಮೆತ್ತನೆ ರಾಡ್ ಜಾಸ್ತಿ ಸಹಾಯ ಮಾಡುತ್ತೆ. ಪೆಂಡುಲಂ ಎಸೆಯುವವರಿಗೆ ಅದೇ ರಾಡ್ ಸೋಲುತ್ತೆ. ಎತ್ತರ ಎಷ್ಟು, ಯಾವ ಎಸೆತ, ರೀಲ್ ಫಿಕ್ಸ್‌ಡ್ ಸ್ಪೂಲ್ (ಎಸೆಯುವಾಗ ಸ್ಪೂಲ್ ತಿರುಗದ್ದು) ಇತ್ತಾ ಮಲ್ಟಿಪ್ಲೈಯರ್ (ಸ್ಪೂಲ್ ತಿರುಗೋದು) ಇತ್ತಾ, ಇವೆಲ್ಲ ಹೇಳಬೇಕು. ಎರಡು ರೀಲ್‌ಗೂ ಗೈಡ್‌ಗಳ ಜೋಡಣೆ ಬೇರೆ. ಫಿಕ್ಸ್‌ಡ್ ಸ್ಪೂಲ್‌ಗೆ ಮೊದಲ ಗೈಡ್ ದೊಡ್ಡದಿರಬೇಕು, ಮಲ್ಟಿಪ್ಲೈಯರ್‌ಗೆ ಸಣ್ಣವು, ಜಾಸ್ತಿ ಸಂಖ್ಯೆಯಲ್ಲಿ. 'ಕೈಯಲ್ಲಿದೆ' ಅಂತ ಹೇಳಿ ಇದನ್ನೆಲ್ಲ ಬಿಟ್ಟುಬಿಡೋದು ಸೋಮಾರಿತನ. ನನಗೆ ಬೇರೆ ಪದ ಸಿಗುತ್ತಿಲ್ಲ.

ಎಸೆದ ಮೇಲೂ ರಾಡ್‌ನ ಕೆಲಸ ಮುಗಿಯೋದಿಲ್ಲ. ಯಾರೂ ತೋರಿಸದ ಭಾಗ ಇದೇ, ನನಗೆ ಅತಿ ಪ್ರೀತಿಯ ಭಾಗವೂ ಇದೇ. ಟ್ರೈಪಾಡ್ ಮೇಲೆ ನಿಲ್ಲಿಸಿದಾಗ ಉದ್ದದ ರಾಡ್ ಲೈನನ್ನು ಮೊದಲ ಅಲೆಗಳ ಮೇಲಿಂದ ಎತ್ತಿ ಹಿಡಿಯುತ್ತೆ. ಅದಕ್ಕೇ ಅಷ್ಟು ಉದ್ದ ಇರೋದು. ತುದಿ ತೀರ ಬಿಗಿ ಇದ್ದರೆ ಪ್ರತಿ ಅಲೆಗೂ ಸೀಸ ಜಾರುತ್ತೆ. ಮೆತ್ತಗಿದ್ದರೆ ಅಲೆಯ ಎಳೆತಕ್ಕೆ ಬಾಗಿ ಮತ್ತೆ ಏಳುತ್ತೆ, ಸೀಸ ನಿಂತಲ್ಲೇ ನಿಲ್ಲುತ್ತೆ. ಅಲೆಯ ಲಯ ಒಂದು ಥರ, ಮೀನು ಕಚ್ಚಿದ ಎಳೆತ ಇನ್ನೊಂದು ಥರ. ಒಳ್ಳೆಯ ತುದಿ ಇವೆರಡನ್ನೂ ಬೇರೆ ಮಾಡಿ ತೋರಿಸುತ್ತೆ. ಕತ್ತಲಲ್ಲಿ, ಹೆಡ್‌ಲ್ಯಾಂಪ್ ಬೆಳಕಿಗೆ ತುದಿಯ ಬಣ್ಣ ಕಾಣುತ್ತಾ? ನಾನು ಗಂಟೆಗಟ್ಟಲೆ ಆ ತುದಿಯನ್ನೇ ನೋಡುತ್ತಾ ಕೂರುವವನು. ಮನೆಯ ತಾಪತ್ರಯ, ಕೆಲಸದ ಚಿಂತೆ ಯಾವುದೂ ಆಗ ತಲೆಗೆ ಬರೋದಿಲ್ಲ. ಅಷ್ಟು ಹೊತ್ತು ನೋಡೋ ವಸ್ತುವಿನ ಬಗ್ಗೆ ಟೆಸ್ಟ್‌ನಲ್ಲಿ ಒಂದು ಮಾತೂ ಇಲ್ಲ ಅಂದರೆ ಬೇಸರ ಆಗದೆ ಇರುತ್ತಾ?

ಇನ್ನೊಂದು ವಿಷಯ ಸಿಟ್ಟಿನಿಂದಲೇ ಹೇಳುತ್ತೇನೆ. ಇದೇ ಥರದ ಇನ್ನೊಂದು ವಿಡಿಯೋದಲ್ಲಿ ಒಬ್ಬರು ನಿಜವಾಗಿ ಎಸೆದರು. ಆದರೆ ಎಸೆತದ ಎಳೆತ ತಾಳೋಕೆ ಲೈನ್ ತುದಿಗೆ ಕಟ್ಟೋ ದಪ್ಪ ದಾರ, ಅಂದರೆ ಶಾಕ್ ಲೀಡರ್, ಇಲ್ಲ, ಹಿಂದೆ ಜನ ಓಡಾಡುತ್ತಿದ್ದಾರೆ. ಎಸೆತದ ಮಧ್ಯದಲ್ಲಿ ಲೈನ್ ಕಿತ್ತರೆ ಆ ಸೀಸ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳೋಕಾಗೋದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದ 150 ಗ್ರಾಂ ಸೀಸ ಒಬ್ಬರ ತಲೆಗೆ ಬಡಿದರೆ ಜೀವವೇ ಹೋಗಬಹುದು. ಲೆಕ್ಕ ಸುಲಭ. ಒಂದು ಔನ್ಸ್ ಅಂದರೆ 28 ಗ್ರಾಂ. ಒಂದು ಔನ್ಸ್ ಸೀಸಕ್ಕೆ 10 ಪೌಂಡ್ ತಾಳೋ ಲೀಡರ್ ಬೇಕು. 150 ಗ್ರಾಂಗೆ 50 ಪೌಂಡ್ ಸಾಲದು, 60 ಹಾಕಿ. ಲೀಡರ್ ತೂಗಾಡುವ ಸೀಸದಿಂದ ರಾಡ್ ತುದಿಯವರೆಗೆ, ಅಲ್ಲಿಂದ ರೀಲ್‌ವರೆಗೆ, ಅದರ ಮೇಲೆ ಸ್ಪೂಲ್‌ಗೆ ಕನಿಷ್ಠ ಆರೇಳು ಸುತ್ತು ಬರಬೇಕು. ನನಗೆ ಈ ವಿಷಯದಲ್ಲಿ ನಿಜವಾಗಿ ಭಯ ಇದೆ, ಹೇಳಿಕೊಳ್ಳೋಕೆ ನಾಚಿಕೆ ಇಲ್ಲ. ಹಿಂದೆ ಒಂದು ಮಗು ಆಡುತ್ತಿದ್ದರೂ ನನ್ನ ಕೈ ಮೇಲೇಳೋದಿಲ್ಲ. ರಾಡ್ ಟೆಸ್ಟ್ ಮಾಡಿ ತೋರಿಸುವವರು ಇದನ್ನೂ ತೋರಿಸಬೇಕು. ನೋಡಿ ಕಲಿಯುವವರೇ ಜಾಸ್ತಿ ಇರೋದು.

ಆ ಹುಡುಗನಿಗೆ ಈಗಲೇ ಕೊಳ್ಳಬೇಡ ಅಂತ ಹೇಳಿದ್ದೇನೆ. ಅದೇ ರಾಡ್ ಯಾರ ಹತ್ತಿರವಾದರೂ ಇದ್ದರೆ ಕೇಳಿ ತಗೊಂಡು, ಅವನದೇ ರೀಲ್ ಹಾಕಿ, ಅವನು ದಿನಾ ಬಳಸೋ ಸೀಸ ಕಟ್ಟಿ ಎಸೆದು ನೋಡಲಿ. ತುಂಡುಗಳು ಕೂಡುವ ಜಾಗದಲ್ಲಿ ಎಸೆದ ಮೇಲೆ ತಿರುಗಿವೆಯಾ, ಗೈಡ್‌ಗಳು ಒಂದೇ ಸಾಲಿನಲ್ಲಿವೆಯಾ ಅಂತ ನೋಡಲಿ. ಗೈಡ್‌ನ ಉಂಗುರದೊಳಗೆ ಹತ್ತಿ ಆಡಿಸಲಿ. ಸಣ್ಣ ಬಿರುಕಿದ್ದರೂ ಹತ್ತಿಯ ಎಳೆ ಸಿಕ್ಕಿಹಾಕಿಕೊಳ್ಳುತ್ತೆ.

ನಿಮ್ಮಲ್ಲಿ ಯಾರಾದರೂ 4.2 ಮೀಟರ್ ರಾಡ್‌ಗಳನ್ನು ಹೀಗೆ ಅಳೆದು ನೋಡಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ, ಅವನಿಗೂ ತೋರಿಸುತ್ತೇನೆ. ಸೀಸದ ತೂಕ, ಲೈನ್ ದಪ್ಪ, ನಿಮ್ಮ ಎತ್ತರ, ಎರೆ ಇತ್ತೋ ಇಲ್ಲವೋ, ಎಲ್ಲ ಹೇಳಿ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನೋದನ್ನು ಬಿಡಬೇಡಿ.