ಸೇನೆಯ ದುಡ್ಡಿನ ಮಾತು ಸದನದಲ್ಲೇ ಆಗಲಿ

ನಾನಿರುವುದು ಅಮೆರಿಕದ ನಾರ್ಫೋಕ್‌ನಲ್ಲಿ, ನೌಕಾನೆಲೆಯ ಊರು. ಹುಟ್ಟಿದ್ದು ಮಡಿಕೇರಿಯಲ್ಲಿ. ಎರಡೂ ಕಡೆ ನೆರೆಹೊರೆಯಲ್ಲಿ ಸೇನೆಯವರನ್ನು ನೋಡಿಯೇ ಬೆಳೆದಿದ್ದೇನೆ, ಬದುಕಿದ್ದೇನೆ. ಅದಕ್ಕೇ ಸೇನೆಗೆ ದುಡ್ಡು ಕೊಡುವ ಮಾತನ್ನು ಎರಡು ದೇಶಗಳೂ ಹೇಗೆ ಆಡುತ್ತವೆ ಅನ್ನುವುದು ನನಗೆ ತುಂಬಾ ಮುಖ್ಯ.

ಇಲ್ಲಿ ಪ್ರತಿ ವರ್ಷ ಎನ್‌ಡಿಎಎ ಎಂಬ ರಕ್ಷಣಾ ಕಾಯ್ದೆ ಪಾಸಾಗಬೇಕು. 1961ರಿಂದ ಒಂದು ವರ್ಷವೂ ತಪ್ಪಿಲ್ಲ. ಎಷ್ಟು ಸೈನಿಕರಿರಬೇಕು, ಸಂಬಳ ಎಷ್ಟು ಏರಬೇಕು, ಯಾವ ಹಡಗು ಕಟ್ಟಬೇಕು, ಎಲ್ಲ ಅದರಲ್ಲೇ ಇರುತ್ತದೆ. ದುಡ್ಡು ಮಂಜೂರು ಮಾಡುವ ಮಸೂದೆ ಬೇರೆ. ಸಂಸತ್ತಿನ ಕೆಳಮನೆಯ ರಕ್ಷಣಾ ಸಮಿತಿ ಎಲ್ಲರಿಗೂ ಕಾಣುವ ಹಾಗೆ ಕೂತು, ಎಷ್ಟೋ ಸಲ ನಡುರಾತ್ರಿವರೆಗೂ, ತಿದ್ದುಪಡಿಗಳ ಮೇಲೆ ವಾದ ಮಾಡಿ ಮತ ಹಾಕುತ್ತದೆ.

ನಮ್ಮ ಲೋಕಸಭೆಯಲ್ಲಿ 2018ರಲ್ಲೂ 2023ರಲ್ಲೂ ಎಲ್ಲ ಇಲಾಖೆಗಳ ಅನುದಾನ ಬೇಡಿಕೆಗಳು, ಅಂದರೆ ಖರ್ಚಿಗೆ ದುಡ್ಡು ಕೇಳುವ ಪ್ರಸ್ತಾವಗಳು, ಚರ್ಚೆಯೇ ಇಲ್ಲದೆ ‘ಗಿಲೊಟಿನ್‌’ನಲ್ಲಿ, ಅಂದರೆ ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕಿ, ಪಾಸಾದವು. 2023ರಲ್ಲಿ ರಕ್ಷಣೆಯದ್ದೇ 5.94 ಲಕ್ಷ ಕೋಟಿ ರೂಪಾಯಿ! ರಕ್ಷಣೆಯ ಬೇಡಿಕೆ ಪರಿಶೀಲಿಸುವ ಸಂಸದರ ಸ್ಥಾಯಿ ಸಮಿತಿ ಒಳ್ಳೆಯ ವರದಿ ಕೊಡುತ್ತದೆ, ಸರ್ಕಾರ ಅದನ್ನು ಒಪ್ಪಲೇಬೇಕೆಂದಿಲ್ಲ.

ಹಾಗಂತ ಇಲ್ಲಿನವರನ್ನು ಸುಮ್ನೆ ಹೊಗಳಲಾರೆ. 2021, 2022, 2024ರಲ್ಲಿ ಮೇಲ್ಮನೆಯಾದ ಸೆನೆಟ್ ಎನ್‌ಡಿಎಎಯ ತನ್ನ ಕರಡನ್ನು ಪೂರ್ಣ ಸದನದಲ್ಲಿ ಪಾಸ್ ಮಾಡಲೇ ಇಲ್ಲ. ಕೆಲವೇ ನಾಯಕರು ಬಾಗಿಲು ಹಾಕಿಕೊಂಡು ಬರೆದ ರಾಜಿ ಮಸೂದೆ ಡಿಸೆಂಬರ್‌ನಲ್ಲಿ ಬಂತು, ಅವಸರದಲ್ಲಿ ಪಾಸಾಯಿತು. ಇದರಿಂದ ಏನು ನಷ್ಟ ಅಂತ 2021ರಲ್ಲೇ ಕಂಡೆವು. ಸೇನೆಯೊಳಗಿನ ಗಂಭೀರ ಅಪರಾಧಗಳಲ್ಲಿ ಕೇಸು ಹಾಕುವ ತೀರ್ಮಾನ ಕಮಾಂಡರ್‌ಗಳ ಕೈಯಲ್ಲಿ ಇರಬಾರದು ಎಂಬ ಸೆನೆಟರ್ ಕರ್ಸ್ಟನ್ ಗಿಲಿಬ್ರಾಂಡ್ ಅವರ ಪ್ರಸ್ತಾಪಕ್ಕೆ ಎರಡೂ ಪಕ್ಷಗಳಿಂದ 60ಕ್ಕೂ ಜಾಸ್ತಿ ಸೆನೆಟರ್‌ಗಳ ಬೆಂಬಲವಿತ್ತು. ಕೊನೆಗೆ ಬಂದ ಮಸೂದೆಯಲ್ಲಿ ಅದರ ಒಂದು ಭಾಗ ಮಾತ್ರ ಉಳಿಯಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಸೈನಿಕರು ವರ್ಷಗಟ್ಟಲೆ ಕಾದ ವಿಷಯ ಅದು. ಸದನದ ಮುಂದೆ ಬಂದು ಮತಕ್ಕೆ ಹೋಗಬೇಕಿತ್ತು, ಅಲ್ವಾ?

ತಡವಾದರೂ ಕಷ್ಟವೇ. ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಕೆಲವು ಬೋನಸ್, ವಿಶೇಷ ಭತ್ಯೆಗಳ ಅವಧಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಪ್ರತಿ ವರ್ಷ ಈ ಕಾಯ್ದೆಯೇ ಅದನ್ನು ಮುಂದುವರಿಸಬೇಕು. ಹಡಗಿನಲ್ಲಿರುವವರ ಮನೆಯವರು ಅಲ್ಲಿವರೆಗೂ ಯಾಕೆ ಕಾಯಬೇಕು?

ಸೆನೆಟರ್‌ಗಳೇ, ಬೇಸಿಗೆಯಲ್ಲೇ ಮಸೂದೆಯನ್ನು ಸದನಕ್ಕೆ ತನ್ನಿ. ಜಗಳವಾಡಿ, ತಿದ್ದಿ, ಹೆಸರು ಹಾಕಿ ಮತ ಕೊಡಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಪಾಸ್ ಮಾಡಿ. ಇಲ್ಲಿ ಮತ ಹಾಕುವ ಕನ್ನಡಿಗರೂ ಅವರ ಕಚೇರಿಗೆ ಫೋನ್ ಮಾಡಿ ಇದನ್ನೇ ಕೇಳಿ. ಊರಿನಲ್ಲಿರುವವರು ನಿಮ್ಮ ಸಂಸದರನ್ನು ಕೇಳಿ: ಈ ಸಲ ರಕ್ಷಣಾ ಬೇಡಿಕೆ ಚರ್ಚೆಗೆ ಬರುತ್ತದಾ, ಬಂದರೆ ನೀವು ಮಾತಾಡುತ್ತೀರಾ?