ಕೂಲರ್ ಸುಮ್ಮನಾದ ಮೇಲೆ ಕೇಳಿಸಿದ್ದು

ಕಲಬುರಗಿಯ ಮೇ ತಿಂಗಳನ್ನು ಕೂಲರ್ ಇಲ್ಲದೆ ಕಳೆಯಲಾಗದು. ನಮ್ಮ ಮನೆಯ ಕೂಲರ್ ಹಚ್ಚಿದ ಮೇಲೆ ಬೇರೆ ಯಾವ ಕೆಲಸವನ್ನೂ ಮಾಡಲಾಗದು. ನಮ್ಮ ಮದುವೆಯಾದ ವರ್ಷ ಕೊಂಡ ತಗಡಿನ ಮೈಯ ಆ ಯಂತ್ರ, ಬಿಸಿಲು 42 ಡಿಗ್ರಿ ದಾಟಿದ ಮಧ್ಯಾಹ್ನ ತಿರುಗತೊಡಗಿದರೆ, ಗಂಜ್‌ನ ಯಾವುದೋ ದಾಲ್ ಮಿಲ್ಲಿನೊಳಗೆ ಚಾಪೆ ಹಾಸಿಕೊಂಡು ಕುಳಿತಂತೆ ಆಗುತ್ತದೆ. ತಂಪು ನಾಲ್ಕಾಣೆ, ಸದ್ದು ಹನ್ನೆರಡಾಣೆ. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಕಳೆದ ಬೇಸಿಗೆಯಲ್ಲಿ ಎರಡು ವಾರಗಳ ಆನ್‌ಲೈನ್ ಪುನಶ್ಚೇತನ ಕೋರ್ಸಿಗೆ ಹೆಸರು ಕೊಟ್ಟಿದ್ದೆ. ಮೊದಲ ದಿನದ ಉಪನ್ಯಾಸ ಹಣದುಬ್ಬರವನ್ನು ಕುರಿತದ್ದೋ ಹಣ್ಣಿನ ಉಪ್ಪಿನಕಾಯಿಯನ್ನು ಕುರಿತದ್ದೋ ನನಗೆ ಕೊನೆಯವರೆಗೂ ತಿಳಿಯಲಿಲ್ಲವಾದ್ದರಿಂದ, ಸದ್ದು ಅಡಗಿಸುವ ಹೆಡ್‌ಫೋನ್ ಕೊಳ್ಳುವ ನಿರ್ಧಾರ ಅಂದೇ ಆಯಿತು.

ಮೊದಲ ಖರೀದಿ ಅರೆಜ್ಞಾನದ ಫಲ. ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ 1,500 ರೂಪಾಯಿಗೆ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಪುಟ್ಟ ಇಯರ್‌ಬಡ್‌ಗಳು ಸಿಕ್ಕವು. ಡಬ್ಬಿಯ ಮೇಲೆ ‘ನಾಯ್ಸ್ ಕ್ಯಾನ್ಸಲೇಷನ್’ ಎಂಬುದು ದಪ್ಪ ಅಕ್ಷರಗಳಲ್ಲಿತ್ತು. ಅದರ ಮುಂದೆ ಇರುವೆಯಂತೆ ಕುಳಿತಿದ್ದ ‘ಇ’ ಎಂಬ ಅಕ್ಷರ ನನ್ನ ಚಾಳೀಸಿಗೆ ದಕ್ಕಲಿಲ್ಲ. ಮನೆಗೆ ಬಂದು ಕೂಲರಿನ ಎದುರು ಕುಳಿತು ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದರೆ, ನನ್ನ ಕಿವಿಯಲ್ಲಿ ದಾಲ್ ಮಿಲ್ ಎಂದಿನಂತೆಯೇ ನಡೆಯುತ್ತಿತ್ತು, ಆ ಕಡೆಯಿಂದ ಅವರು, “ಏನ್ರಿ, ಕೂಲರ್ ಬಂದ್ ಮಾಡೀರೇನು? ನಿಮ್ಮ ಮನ್ಯಾಗ ಎಷ್ಟು ಶಾಂತ ಅದ!” ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಇ.ಎನ್.ಸಿ. ಎಂದರೆ ನಮ್ಮ ಸುತ್ತಲಿನ ಗದ್ದಲವನ್ನು ಮೈಕಿನಲ್ಲಿಯೇ ಸೋಸಿ, ಫೋನಿನ ಆ ತುದಿಯಲ್ಲಿರುವವರಿಗೆ ನಮ್ಮ ದನಿಯನ್ನಷ್ಟೇ ಕಳುಹಿಸುವ ಏರ್ಪಾಡು ಎಂದು ಪಿ.ಯು.ಸಿ. ಓದುವ ಮಗ ಆಮೇಲೆ ವಿವರಿಸಿದ. ರೊಕ್ಕ ಕೊಟ್ಟವಳು ನಾನು, ಶಾಂತಿ ಅವರಿಗೆ. ಇಷ್ಟು ಪರೋಪಕಾರಿಯಾದ ವಸ್ತುವನ್ನು ನಾನು ಅದಕ್ಕೆ ಮೊದಲು ಕೊಂಡಿರಲಿಲ್ಲ. “ಮಮ್ಮಿ, ನಿನಗ ಬೇಕಾಗಿದ್ದು ಎ.ಎನ್.ಸಿ., ನಿನ್ನ ಕಿವಿಗಿ ಬರೋ ಸದ್ದು ಅಡಗಸೂದು,” ಎಂದು ಅವನು ನಿಟ್ಟುಸಿರು ಬಿಟ್ಟದ್ದು, ಪೂರೈಕೆಗೂ ಬೇಡಿಕೆಗೂ ವ್ಯತ್ಯಾಸ ತಿಳಿಯದ ವಿದ್ಯಾರ್ಥಿಯ ಮುಂದೆ ನಾನು ಬಿಡುವ ನಿಟ್ಟುಸಿರಿನಂತೆಯೇ ಇತ್ತು.

ಎರಡನೆಯ ಸಲ ಮಗನನ್ನು ಕರೆದುಕೊಂಡೇ ಹೋದೆ. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನನ್ನು ಅಂಗಡಿಯವರು ನನ್ನ ತಲೆಗೆ ಏರಿಸಿ ಗುಂಡಿ ಒತ್ತಿದರು. ಘಾಟಿ ಹತ್ತುವಾಗ ಕಿವಿಯೊಳಗೆ ಆಗುವಂಥ ಒಂದು ಒತ್ತಡ ಕ್ಷಣ ಹೊತ್ತು ಆಗಿ, ಅಂಗಡಿಯ ಎ.ಸಿ.ಯ ಗುಂಯ್‌ಗುಡುವಿಕೆ ಮಾಯವಾಯಿತು. “ಇದು ಹಾಕ್ಕೊಂಡ್ರ ಬಾಜೂಕ ಲಗ್ನದ ಬ್ಯಾಂಡ್ ಬಂದ್ರೂ ಗೊತ್ತಾಗಲ್ಲ ನೋಡ್ರಿ ಮೇಡಂ,” ಎಂದು ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಾಗೆ ಕೇಳಿಸಬಾರದಾಗಿತ್ತಲ್ಲ ಎಂಬ ಅನುಮಾನ ಆಗಲೇ ಬರಬೇಕಿತ್ತು, ಬರಲಿಲ್ಲ. ಚಾಳೀಸಿನ ಕಡ್ಡಿಯಿಂದ ಕಿವಿಯ ಮೆತ್ತೆ ಎದ್ದು ಸಂದಿ ಬಿಡುತ್ತದೆ, ಅಲ್ಲಿಂದ ಸದ್ದು ನುಸುಳುತ್ತದೆ ಎಂದು ಮಗ ಎಚ್ಚರಿಸಿದ. ತೆಳು ಕಡ್ಡಿಯ ಇನ್ನೊಂದು ಚಾಳೀಸಿನ ಖರ್ಚು ಅಲ್ಲಿಯೇ ಲೆಕ್ಕಕ್ಕೆ ಸೇರಿತು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಬ್ಯಾಟರಿಯ ಗಂಟೆಗಳು ಎ.ಎನ್.ಸಿ. ಬಂದ್ ಮಾಡಿದಾಗಿನವು ಎಂಬುದನ್ನೂ ಅವನೇ ಸಣ್ಣ ಅಕ್ಷರಗಳಲ್ಲಿ ಹುಡುಕಿ ತೋರಿಸಿದ. ಬೆಲೆ 18,000 ರೂಪಾಯಿ.

ಅದು ನನ್ನದೇ ದುಡಿಮೆಯ ಹಣ, ನಿಜ. ಆದರೆ ಅಂಗಡಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಬೆಲೆಗಳು ತಾವಾಗಿಯೇ ಇಳಿಯುವ ಒಂದು ವಿದ್ಯಮಾನವಿದೆ; ಅದನ್ನು ಯಾವ ಅರ್ಥಶಾಸ್ತ್ರದ ಪಠ್ಯಪುಸ್ತಕವೂ ಇನ್ನೂ ಚರ್ಚಿಸಿಲ್ಲ. ಜೇವರ್ಗಿ ರಸ್ತೆಯ ನಮ್ಮ ಓಣಿಗೆ ಸ್ಕೂಟರ್ ತಿರುಗುವಷ್ಟರಲ್ಲಿ ಹೆಡ್‌ಫೋನಿನ ಬೆಲೆ 2,000ಕ್ಕೆ ಬಂದು ನಿಂತಿತ್ತು. ಮಗನ ಮೌನಕ್ಕೆ ಒಂದು ಪ್ಲೇಟ್ ಮಿರ್ಚಿ ಭಜಿ ಪ್ರತ್ಯೇಕ.

ಇದರ ಒಳಗುಟ್ಟನ್ನು ನಾನು ಅರ್ಥ ಮಾಡಿಕೊಂಡದ್ದು ಜಮಾ-ಖರ್ಚಿನ ಭಾಷೆಯಲ್ಲಿ. ಹೊರಗಿನ ಮೈಕುಗಳು ಕೂಲರಿನ ಸದ್ದನ್ನು ಆಲಿಸುತ್ತವೆ. ಒಳಗಿನ ಚಿಪ್ಪು ಆ ಅಲೆಗೆ ಸರಿಯಾಗಿ ತಿರುವುಮುರುವಾದ ಇನ್ನೊಂದು ಅಲೆಯನ್ನು ಹುಟ್ಟಿಸುತ್ತದೆ. ಒಂದರ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಕುಳಿತು, ಜಮಾ ಇದ್ದಲ್ಲೆಲ್ಲ ಅಷ್ಟೇ ಖರ್ಚು ಬಿದ್ದು, ತಾಳೆ ನೋಡಿದರೆ ಶಿಲ್ಕು ಸೊನ್ನೆ. ಜರ್ಮನಿಯ ಪೌಲ್ ಲ್ಯೂಗ್ ಎಂಬಾತ ಈ ಉಪಾಯಕ್ಕೆ ಅಮೆರಿಕದ ಪೇಟೆಂಟ್ ಪಡೆದದ್ದು 1936ರಲ್ಲಿ. ಅದನ್ನು ತಲೆಗೆ ಏರುವ ವಸ್ತುವನ್ನಾಗಿ ಮಾಡಲು ಹೊರಟವರಲ್ಲಿ ಮುಖ್ಯರು ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುವಾಗ ವಿಮಾನದ ಮೊರೆತದಲ್ಲಿ ಸಂಗೀತ ಕೇಳಿಸದೆ ಬೇಸತ್ತು ಅಲ್ಲಿಯೇ ಲೆಕ್ಕ ಹಾಕತೊಡಗಿದರಂತೆ. ಅವರ ಕಂಪನಿಯ ಹೆಡ್‌ಸೆಟ್ ವಿಮಾನ ಚಾಲಕರಿಗಾಗಿ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಒಟ್ಟಿನಲ್ಲಿ ಇದು ಎಂಜಿನ್ನಿನ ಮೇಲಿನ ಸಿಟ್ಟಿನಿಂದ ಬೆಳೆದ ವಿದ್ಯೆ, ಮತ್ತು ನಮ್ಮ ಕೂಲರ್ ಎಂಜಿನ್ನಿನ ಖಾಸಾ ತಮ್ಮ. ಆದರೆ ಅಮರ್ ಬೋಸರು ಕುಳಿತಿದ್ದ ವಿಮಾನದಲ್ಲಿ ನಮ್ಮ ಅತ್ತೆಯವರು ಇರಲಿಲ್ಲ.

ಆ ಕೊರತೆ ನನಗೆ ತಿಳಿದದ್ದು ಮೊದಲ ಮಧ್ಯಾಹ್ನವೇ. ಗುಂಡಿ ಒತ್ತಿದೆ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಕೂಲರ್ ತಿರುಗುತ್ತಲೇ ಸುಮ್ಮನಾಯಿತು. ಆ ಸುಖವನ್ನು ನಾನು ಹತ್ತು ಸೆಕೆಂಡು ಅನುಭವಿಸಿರಬೇಕು. ಅಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು, ಅದರ ಹಿಂದೆಯೇ ಕುಕ್ಕರಿನ ಸೀಟಿ ಬಂತು, ಆಮೇಲೆ ಪಡಸಾಲೆಯ ಶಹಾಬಾದಿ ಫರ್ಸಿಯ ಮೇಲೆ ಕುಳಿತು ಅತ್ತೆಯವರು ಬಾಜೂ ಮನೆಯ ಕಾಕುವಿನೊಡನೆ ಆಡುತ್ತಿದ್ದ ಮಾತು, ಹಣ್ಣಿನ ಸಿಪ್ಪೆ ಸುಲಿದಿಟ್ಟಂತೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ಇದರ ಕಾರಣ ಸರಳವಾಗಿದೆ. 100 ಹರ್ಟ್ಸ್‌ನ, ಎಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ, ಗುಂಯ್‌ಗುಡುವ ಸದ್ದಿನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದದ್ದು; ಅದು ಒಂದೇ ಸಮನೆ ಬರುವುದರಿಂದ ತಿರುವುಮುರುವು ಅಲೆಯನ್ನು ಅದರ ಮೇಲೆ ಹೊಂದಿಸುವುದು ಸುಲಭ. 3,000 ಹರ್ಟ್ಸ್‌ನ ಸದ್ದಿನ ಅಲೆ ಒಂದು ಗೇಣಿನಷ್ಟೂ ಇರುವುದಿಲ್ಲ. ಕೂದಲೆಳೆಯಷ್ಟು ತಡವಾದರೂ ತಾಳೆ ತಪ್ಪುತ್ತದೆ. ಆದ್ದರಿಂದ ಈ ಯಂತ್ರ ಏಕನಾದವನ್ನು ನುಂಗುತ್ತದೆ. ರೊಟ್ಟಿಯ ಬಡಿತವನ್ನು, ಸೀಟಿಯನ್ನು, ಮನುಷ್ಯರ ಮಾತಿನ ಬಹುಪಾಲನ್ನು ಬಿಟ್ಟುಕೊಡುತ್ತದೆ. ಅದುವರೆಗೆ ಆ ಮಾತನ್ನೆಲ್ಲ ನನ್ನಿಂದ ಮರೆಮಾಡುತ್ತಿದ್ದುದು ಕೂಲರ್. ಮನೆಯ ಗದ್ದಲ ತಡೆಯಲೆಂದು 18,000 ರೂಪಾಯಿ ಕೊಟ್ಟು ನಾನು ಕಿತ್ತು ಹಾಕಿದ್ದು, ಹತ್ತೊಂಬತ್ತು ವರ್ಷ ಪುಕ್ಕಟೆಯಾಗಿ ನಿಂತಿದ್ದ ಗೋಡೆಯನ್ನು.

ಅತ್ತೆಯವರ ತಿಳಿವಳಿಕೆ ಇದಕ್ಕೆ ನೇರ ವಿರುದ್ಧವಾಗಿತ್ತು. ತಲೆಯ ಮೇಲೆ ಅಷ್ಟು ದೊಡ್ಡದನ್ನು ಏರಿಸಿಕೊಂಡವಳಿಗೆ ಸಿಡಿಲು ಬಡಿದರೂ ಕೇಳಿಸದು ಎಂದು ನಂಬಿದ ಅವರು, ನನ್ನ ಕೋಣೆಯ ಬಾಗಿಲಲ್ಲಿಯೇ ನಿಂತು ನನ್ನ ಪುಂಡಿಪಲ್ಯದ ಕುರಿತು ಕಾಕುವಿಗೆ ಹೇಳತೊಡಗಿದರು. ಆ ಅಭಿಪ್ರಾಯಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಲ್ಲಿ ಒಂದೆರಡು ನಿಜವೂ ಆಗಿದ್ದವು.

ಬೆಂಗಳೂರಿಗೆ ಹೋದ ರಾತ್ರಿ ರೈಲಿನಲ್ಲಿಯೂ ಅದೇ ಕಥೆ. ಗಾಲಿಗಳ ಗುಡುಗುಡು ಕರಗಿಹೋಯಿತು. ವಾಡಿಯಲ್ಲಿ ಹತ್ತಿದ ಚಹಾದವನ ಕೂಗು ಮಾತ್ರ ಎರಡು ಬೋಗಿಗಳ ಆಚೆಯಿಂದಲೇ ನನ್ನ ಹೆಸರು ಹಿಡಿದು ಕರೆದಷ್ಟು ಸ್ಪಷ್ಟವಾಗಿತ್ತು.

ಆದರೆ ನಿಜವಾದ ಅನಾಹುತ ಮೋಟಾರಿನದು. ನಳ ಬಂದ ದಿನ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಿ, ಟ್ಯಾಂಕು ತುಂಬುವ ಹೊತ್ತಿಗೆ ಮೋಟಾರ್ ಬಂದ್ ಮಾಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಅದಕ್ಕೆ ಗಡಿಯಾರ ಬೇಕಿರಲಿಲ್ಲ. ಮೋಟಾರಿನ ಗೊರಗೊರ ಹಿನ್ನೆಲೆಯಲ್ಲಿ ಇರುವವರೆಗೂ ಅದು ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಲೇ ಇರುತ್ತಿತ್ತು. ಅಂದು ಮೋಟಾರ್ ಹಚ್ಚಿದೆ, ಹೆಡ್‌ಫೋನ್ ಹಾಕಿದೆ, ಕಲ್ಯಾಣ ಅರ್ಥಶಾಸ್ತ್ರದ ಉಪನ್ಯಾಸಕ್ಕೆ ಕುಳಿತೆ. ಒಂದೇ ಸಮನೆ ಗುರುಗುಡುವ ಮೋಟಾರು ಈ ಯಂತ್ರಕ್ಕೆ ಹಬ್ಬದೂಟ. ಒಂದು ತುಣುಕೂ ಉಳಿಸದೆ ನುಂಗಿತು. ಟ್ಯಾಂಕು ತುಂಬಿ, ಉಕ್ಕಿ, ಮಾಳಿಗೆಯ ಮೇಲೆ ಹರಿದು, ನಮ್ಮದಕ್ಕಿಂತ ಒಂದು ಅಡಿ ತಗ್ಗಿನಲ್ಲಿರುವ ಕಾಕುವಿನ ಮಾಳಿಗೆಗೆ ಇಳಿಯಿತು. ಅಲ್ಲಿ ಹಳೆಯ ಸೀರೆಗಳ ಮೇಲೆ ವರ್ಷಕ್ಕಾಗುವಷ್ಟು ಶಾವಿಗೆ, ಸಂಡಿಗೆ, ಕುರಡಿಗೆ ಒಣಗುತ್ತಿದ್ದವು. ಅರ್ಧ ಗಂಟೆ ಮೋಟಾರನ್ನು ಕೇಳದ ನನ್ನ ಕಿವಿಗೆ, ಮಾಳಿಗೆಯ ಮೇಲಿನಿಂದ ಕಾಕು ಹಾಕಿದ “ಯವ್ವಾ! ನನ್ನ ಶ್ಯಾವಿಗಿ ತೇಲಲತ್ತಾವ!” ಎಂಬ ಕೂಗು, ಉಪನ್ಯಾಸಕರ ದನಿಯನ್ನು ಸೀಳಿಕೊಂಡು ಬಂದು ಮುಟ್ಟಿತು. ಶಾವಿಗೆಯನ್ನು ಮತ್ತೆ ಹೊಸೆದು ಕೊಡಲು ಎರಡು ಭಾನುವಾರಗಳು ಹಿಡಿದವು. ಹೊಸೆಯುವಾಗ ಹೆಡ್‌ಫೋನ್ ಹಾಕಬಾರದೆಂಬುದು ಕಾಕುವಿನ ಷರತ್ತು.

ಟಿ.ವಿ.ಯ ಪ್ರಕರಣ ಸಣ್ಣದು. ಈ ಹೆಡ್‌ಫೋನ್ ಒಮ್ಮೆಲೇ ಎರಡು ಯಂತ್ರಗಳ ಕೈ ಹಿಡಿಯಬಲ್ಲದು. ಮಗ ಯಾವಾಗಲೋ ಅದನ್ನು ಟಿ.ವಿ.ಗೂ ಜೋಡಿಸಿಟ್ಟಿದ್ದ. ಒಂದು ಸಂಜೆ ಅತ್ತೆಯವರ ಧಾರಾವಾಹಿ ಮೂಕವಾಯಿತು. ಕೋಣೆಯಲ್ಲಿ ಕುಳಿತ ನನ್ನ ಕಿವಿಯಲ್ಲಿ ಯಾರದೋ ಸೊಸೆ ಗೊಳೋ ಎಂದು ಅಳತೊಡಗಿದಳು. ನಾನು ಹೊರಗೆ ಓಡಿಬರುವಷ್ಟರಲ್ಲಿ ಅತ್ತೆಯವರು, ಯುಗಾದಿಗೆ ಪಾಲಿಶ್ ಮಾಡಿಸಿದ ತಮ್ಮ ಹಳೆಯ ಪಾಟ್ಲಿ ಬಳೆಗಳು ಖಣಖಣಿಸುವಂತೆ, ಟಿ.ವಿ.ಯ ಬೆನ್ನಿಗೆ ಎರಡು ಗುದ್ದು ಹಾಕಿ ಆಗಿತ್ತು. ಬ್ಲೂಟೂತ್ ಎಂಬ ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹರಾಲ್ಡನದು, ಅವನು ಜನರನ್ನು ಒಂದುಗೂಡಿಸಿದವನು ಎಂದು ಮಗ ಹೇಳಿದ. ಒಂದುಗೂಡಿಸುವುದಕ್ಕೂ ಒಂದು ಮಿತಿ ಬೇಕು.

ಇದೆಲ್ಲದರ ನಡುವೆ ಒಂದು ಸಂಗತಿ ನನ್ನ ಗಮನಕ್ಕೆ ಬಾರದೆ ನಡೆದುಹೋಗಿತ್ತು. ಸುತ್ತ ಗದ್ದಲವಿದ್ದಾಗ, ಅಥವಾ ತನ್ನ ದನಿ ತನಗೇ ಸರಿಯಾಗಿ ಕೇಳಿಸದಿದ್ದಾಗ, ಮನುಷ್ಯ ತಿಳಿಯದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ಎಟಿಯೆನ್ ಲೊಂಬಾರ್ ಎಂಬ ವೈದ್ಯ 1911ರಲ್ಲಿಯೇ ಇದನ್ನು ಬರೆದಿಟ್ಟಿದ್ದಾನೆ. ಹೆಡ್‌ಫೋನ್ ಹಾಕಿಕೊಂಡೇ ನಾನು ಅದೇ ಸಹೋದ್ಯೋಗಿಯೊಡನೆ ಮಾತನಾಡಿದ್ದೆ. ಗುಟ್ಟಿನ ಮಾತಾದ್ದರಿಂದ ಪಿಸುದನಿಯಲ್ಲಿಯೇ ಆಡಿದೆನೆಂದು ನಾನು ಇಂದಿಗೂ ಪ್ರಮಾಣ ಮಾಡಬಲ್ಲೆ.

ಕೋರ್ಸಿನ ಕೊನೆಯ ದಿನ ಉಪನ್ಯಾಸ ಮುಗಿದ ಮೇಲೂ ನಾನು ಸುಮ್ಮನೆ ಹೆಡ್‌ಫೋನ್ ಏರಿಸಿಕೊಂಡು ಕುಳಿತಿದ್ದೆ. ತಲೆಯ ಮೇಲೆ ಅದಿದ್ದರೆ ಯಾರೂ ಕೆಲಸ ಹೇಳುವುದಿಲ್ಲ ಎಂಬುದು ಡಬ್ಬಿಯ ಮೇಲೆ ಬರೆಯದ ಅದರ ಗುಣ. ಕಿವಿಯ ಮೆತ್ತೆಗಳು ಬೆವರಿನಿಂದ ತೊಯ್ದಿದ್ದವು. ಬಾಗಿಲ ಆಚೆ ಅತ್ತೆಯವರ ದನಿ ಕೇಳಿಸಿತು.

“ಎರಡು ಸಾವಿರದ್ದು ಅಂತ ಹೇಳ್ಯಾಳ. ಹದಿನೆಂಟು ಸಾವಿರದ್ದ ಅದ ಅದು. ತಾನೇ ಫೋನಿನ್ಯಾಗ ಒದರಲತ್ತಿದ್ಳು, ಓಣಿಗೆಲ್ಲ ಕೇಳ್ಯದ.”

“ಹೌದ್ರಿ, ನಮ್ಮನಿಗೂ ಕೇಳ್ತು,” ಎಂದರು ಕಾಕು. “ಮತ್ತ ನೀವು ಕೇಳಲಿಲ್ಲೇನು ಅಕಿಗಿ?”

“ನಾ ಯಾಕ ಕೇಳ್ಲಿ? ಭಿಶಿ ಚೀಟಿ ರೊಕ್ಕದಾಗ ಹೊಸಾ ಪಾಟ್ಲಿ ಮಾಡಿಸೀನಿ ಅಂತ ನಾ ಹೇಳೀನೇನು?”

ನಾನು ಪರದೆಯ ಮೇಲೆ ಕಣ್ಣಿಟ್ಟು ಏನೂ ಕೇಳಿಸದವಳಂತೆ ತಲೆಯಾಡಿಸುತ್ತ ಕುಳಿತೆ. ಪರದೆಯ ಮೇಲೆ ಆಗ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆಯವರು ಚಹಾ ತಂದಿಟ್ಟು, ನನ್ನ ಭುಜ ತಟ್ಟಿ, ಅದನ್ನು ತಮಗೂ ಒಮ್ಮೆ ಹಾಕು ಎಂದು ಸನ್ನೆ ಮಾಡಿದರು. ಸೆರಗು ಸರಿಸಿ, ತುರುಬು ತಪ್ಪಿಸಿ, ಹೆಡ್‌ಫೋನ್ ಏರಿಸಿ ಗುಂಡಿ ಒತ್ತಿದೆ. ಅವರ ಹುಬ್ಬು ಮೇಲೇರಿತು. ಎದ್ದು ಹೋಗಿ ಕೂಲರಿನ ಮುಂದೆ ಅಂಗೈ ಒಡ್ಡಿ, ಗಾಳಿ ಬರುತ್ತಿರುವುದನ್ನು ಖಾತ್ರಿ ಮಾಡಿಕೊಂಡರು. ಬಾಗಿ ಅದರ ರೆಕ್ಕೆಗಳನ್ನು ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿ, ತಮ್ಮ ದನಿ ತಮಗೇ ಕೇಳಿಸದೆ, ಆಗಷ್ಟೇ ಗೇಟು ತೆರೆಯುತ್ತಿದ್ದ ತಮ್ಮ ಮಗನೂ ಬೆಚ್ಚಿಬೀಳುವಂತೆ ಕೂಗಿದರು:

“ಎರಡು ಸಾವಿರಕ್ಕ ಭಾಳ ಛಲೋ ಅದ ನೋಡವ್ವಾ!”