ಕಾರ್ಡಿನಲ್ಲಿ ಹಿಡಿಯದ ಎಪ್ಪತ್ತು ವರ್ಷ

ಪ್ರತಿ ಜನವರಿ 1ಕ್ಕೆ ಧಾರವಾಡದಿಂದ ಅವ್ವ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸುತ್ತಾಳೆ. ಹಿಂದಿನ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿಕೊಂಡ ವಾಗ್ದಾನದ ಕಾರ್ಡು. ಅಂಚಿಗೆ ಗುಲಾಬಿ ಹೂ, ನಡುವೆ ಬೈಬಲಿನ ಒಂದು ವಚನ. ಈ ಸಲ ಬಂದದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ ಅನ್ನುವ ದೇವರ ಮಾತು. ಕೆಳಗೆ ಅವ್ವ ಬರೆದಿದ್ದಳು: "ನಿನ್ನ ಪರ್ಮನೆಂಟ್ ವೀಸಾ ಈ ವರ್ಷ ಆಗೇ ಆಗ್ತದ ನೋಡು."

ಜರ್ಮನಿಯ ಸ್ಟುಟ್‌ಗಾರ್ಟ್‌ನ ನನ್ನ ಅಡುಗೆಮನೆಯಲ್ಲಿ ಕೂತು ಸುಮ್ನೆ ಹಿಂದಿನ ವಚನ ತೆಗೆದೆ. ಎಪ್ಪತ್ತು ವರ್ಷ ಆದ ಮೇಲೆ ಅಂತ ಇದೆ! ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಒಳ್ಳೆಯದಕ್ಕೆ ಪ್ರಾರ್ಥಿಸಿ. ಅಂದರೆ, ಗಂಟುಮೂಟೆ ಕಟ್ಟಿ ಕೂರಬೇಡಿ, ಬೇಗ ವಾಪಸ್ ಬರುವುದು ಆಗದ ಮಾತು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಇದ್ದಾನೆ. ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಎಂದ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯನ ಕುತ್ತಿಗೆ ಮೇಲಿದ್ದ ಮರದ ನೊಗ ಕಿತ್ತು ಮುರಿದೇ ಹಾಕಿದ. ನನಗೆ ಹಿಡಿಸಿದ್ದು ಯೆರೆಮೀಯ ಕೊಟ್ಟ ಉತ್ತರ. ಮೊದಲು ಅವನು "ಆಮೆನ್, ಹಾಗೇ ಆಗಲಿ" ಎಂದ. ಸಿಹಿಸುದ್ದಿ ಅವನಿಗೂ ಬೇಕಿತ್ತು ಅಲ್ವಾ? ಆದರೂ ದೇವರು ಹೇಳದ್ದನ್ನು ಹೇಳಲಿಲ್ಲ.

ಕಾರ್ಡಿನ ಮೇಲೆ ಹೆಸರು ಯೆರೆಮೀಯನದ್ದು, ಕೈಗೆ ಸಿಕ್ಕ ಅರ್ಥ ಹನನ್ಯನದ್ದು.

ಕಾರ್ಡಿಗಿಂತ ಜಾಸ್ತಿ ಕಾಡುವುದು ಇನ್ನೊಂದು. ಹಿಂದಿನ ರಜೆಯಲ್ಲಿ ಊರಿನ ಒಂದು ಪ್ರಾರ್ಥನಾ ಕೂಟಕ್ಕೆ ಅವ್ವನ ಜೊತೆ ಹೋಗಿದ್ದೆ. ಎಲ್ಲರ ಕೈಯಲ್ಲೂ ಜಿಪ್ ಹಾಕಿದ ಸತ್ಯವೇದ. ಅವ್ವ ಕನ್ನಡಕ ಮನೆಯಲ್ಲೇ ಬಿಟ್ಟಿದ್ದಳು. ಹೇಗೂ ಅಯ್ಯನವರು (ಪಾದ್ರಿಗಳು) ಓದ್ತಾರಲ್ಲ ಅಂದಳು. ಅಂದಿನ ಪ್ರಸಂಗಿ, ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ ಅನ್ನುವ ಕೀರ್ತನೆ 105:15 ಹಿಡಿದು, ಅಭಿಷೇಕ ಹೊಂದಿದವರನ್ನು ಪ್ರಶ್ನಿಸುವುದೇ ಪಾಪ ಎಂದರು. ಚಹಾದ ಹೊತ್ತಿಗೆ ನಾನು, ಅಲ್ಲಿ ಮಾತಿರುವುದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ, ಎಚ್ಚರಿಕೆ ರಾಜರಿಗೆ, ಅಲ್ವಾ ಅಯ್ಯನವರೇ ಎಂದೆ. ಅವ್ವ ಮೊಣಕೈ ಜಗ್ಗಿದಳು. ಉತ್ತರ ಬರಲಿಲ್ಲ, ಇನ್ನೊಂದು ಕಪ್ ಚಹಾ ಬಂತು. ಬೈಬಲಿನಲ್ಲಿ ಬರುವ ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಮಾತನ್ನೇ ದಿನಾ ಶಾಸ್ತ್ರಕ್ಕೆ ಹಿಡಿದು ನೋಡುತ್ತಿದ್ದರು. ಅದಕ್ಕೆ ಅಪೊಸ್ತಲರ ಕೃತ್ಯಗಳಲ್ಲಿ ಅವರಿಗೆ ಹೊಗಳಿಕೆ ಸಿಕ್ಕಿದೆ, ಮೊಣಕೈ ಜಗ್ಗಿಸಿಕೊಂಡದ್ದಿಲ್ಲ.

ಇಲ್ಲಿನ ಪ್ರಾಟೆಸ್ಟೆಂಟ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಯಾವ ಭಾನುವಾರ ಯಾವ ಭಾಗದ ಮೇಲೆ ಪ್ರಸಂಗ ಎಂಬುದು ಸಾಮಾನ್ಯವಾಗಿ ಮೊದಲೇ ಗೊತ್ತಾಗಿರುತ್ತದೆ. ಆರು ವರ್ಷದ ಸುತ್ತು. ಕಹಿ ಭಾಗ ಬಂದರೂ ನುಂಗಬೇಕು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲೂ ಭಾನುವಾರದ ಪಾಠಗಳು ಗೊತ್ತುಮಾಡಿದವೇ. ಆದರೆ ವಾರದ ಕೂಟಕ್ಕೆ, ಕನ್ವೆನ್ಷನ್ನಿಗೆ ಆ ಕಟ್ಟುಪಾಡಿಲ್ಲ. ನಮ್ಮ ಜನ ಮೈಮರೆತು ಕೇಳುವುದು ಅಲ್ಲೇ.

ಹಾಗಂತ ಜರ್ಮನರನ್ನು ತಲೆ ಮೇಲೆ ಹೊತ್ತುಕೊಳ್ಳಲಾರೆ. ನಮಗೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೊಟ್ಟ ಪಾದ್ರಿ ಮೋಗ್ಲಿಂಗ್ ಇದೇ ವ್ಯೂರ್ಟೆಂಬರ್ಗ್ ಸೀಮೆಯವರು, ನಿಜ. ಆದರೆ ಹೀಬ್ರೂ, ಗ್ರೀಕ್ ಬಲ್ಲ ಪಾದ್ರಿಗಳ ಇದೇ ದೇಶದಲ್ಲಿ, ಹಿಟ್ಲರನ ಆಳ್ವಿಕೆ ಶುರುವಾದ 1933ರ ನವೆಂಬರಿನಲ್ಲಿ, ಬರ್ಲಿನ್ನಿನ ದೊಡ್ಡ ಸಭಾಂಗಣವೊಂದರಲ್ಲಿ, ಬೈಬಲಿನ ಮೊದಲ ಭಾಗವಾದ, ಯೆಹೂದ್ಯರ ಶಾಸ್ತ್ರವೂ ಆದ ಹಳೆಯ ಒಡಂಬಡಿಕೆಯನ್ನೇ ಕೈಬಿಡಬೇಕು ಎಂಬ ಭಾಷಣಕ್ಕೆ ಚಪ್ಪಾಳೆ ಬಿತ್ತು. 1940ರಲ್ಲಿ ಯೆಹೂದ್ಯರ ಗುರುತುಗಳನ್ನು ಅಳಿಸಿದ ಹೊಸ ಒಡಂಬಡಿಕೆಯೇ ಅಚ್ಚಾಯಿತು. ಮಾಡಿಸಿದವರು ಪ್ರೊಫೆಸರರು! ಈ ಗಾಳಿಗೆ ಎದುರು ನಿಂತವರು 1934ರ ಮೇ ಕೊನೆಗೇ ಬಾರ್ಮೆನ್ ಎಂಬಲ್ಲಿ ಸೇರಿ, ಸಭೆ ಕೇಳಬೇಕಾದದ್ದು ಶಾಸ್ತ್ರ ಸಾಕ್ಷಿ ಹೇಳುವ ಕ್ರಿಸ್ತನೊಬ್ಬನ ಮಾತು, ಇನ್ನಾರದ್ದೂ ಅಲ್ಲ ಎಂದು ಘೋಷಿಸಿದರು. ಆ ಘೋಷಣೆ ಇವತ್ತು ಇಲ್ಲಿನ ಹಲವು ಹಾಡಿನ ಪುಸ್ತಕಗಳ ಕೊನೆಗಿದೆ. ಪುಸ್ತಕ ತೆರೆಯುವವರು ಮಾತ್ರ ಕಡಿಮೆ. ನನ್ನ ಸಾಲಿನಲ್ಲಿ ನಾನು, ಇಬ್ಬರು ಅಜ್ಜಿಯರು. ಧಾರವಾಡದಲ್ಲಾದರೆ ಬಾಗಿಲಾಚೆ ಚಪ್ಪಲಿ ಇಡಲೂ ಜಾಗ ಇರುವುದಿಲ್ಲ.

ಮೊನ್ನೆ ಅವ್ವನಿಗೆ ಫೋನಿನಲ್ಲಿ ಯೆರೆಮೀಯನ ಆ ಎರಡೂ ಅಧ್ಯಾಯ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಪ್ಪತ್ತ ವರ್ಷ ಅಂತ ಬರದ್ರ ಆ ಕಾರ್ಡ ಯಾರ ತಗೋತಾರಪಾ?" ಎಂದಳು. ಆಮೇಲಿನ ಬುಧವಾರ ಕೂಟಕ್ಕೆ ಕನ್ನಡಕ ಒಯ್ದಿದ್ದಳಂತೆ.